ಗುರುವಾರ ಒಬ್ಬ ಲೈನ್‌ಮನ್ ಕೊಡಿ: ಫಾರ್ಟಿನೈನರ್ಸ್ ಜನರಲ್ ಮ್ಯಾನೇಜರ್‌ಗೆ ಒಂದು ಬಹಿರಂಗ ಪತ್ರ

ಮಾನ್ಯ ಜಾನ್ ಲಿಂಚ್ ಅವರಿಗೆ,

ಅಮೆರಿಕದ ಸಾಂಟಾ ಕ್ಲಾರಾದಿಂದ ನಮಸ್ಕಾರ. ನಿಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಆಡುವ ಲಿವೈಸ್ ಸ್ಟೇಡಿಯಂನಿಂದ ನಮ್ಮ ಮನೆಗೆ ಕಾರಲ್ಲಿ ಹತ್ತು ನಿಮಿಷ. ಪಂದ್ಯ ಇದ್ದ ದಿನ ಮಾತ್ರ ಮುಕ್ಕಾಲು ಗಂಟೆ. ಈ ಪತ್ರ ಕನ್ನಡದಲ್ಲಿದೆ, ನೀವು ಓದುವುದಿಲ್ಲ ಅಂತ ಗೊತ್ತು. ಇಂಗ್ಲಿಷಿನಲ್ಲಿ ಬರೆದಿದ್ದರೂ ಓದುತ್ತಿರಲಿಲ್ಲ, ಅಲ್ವಾ? ಅದಕ್ಕೇ ನನಗೆ ಜಗಳ ಆಡಲು ಸಲೀಸಾಗುವ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆ ಕಡೆ ಭಾನುವಾರ ದೋಸೆ ತಿಂದು, ಕೆಂಪು ಜೆರ್ಸಿ ಹಾಕಿಕೊಂಡು ಟಿವಿ ಮುಂದೆ ಕೂರುವ ಕನ್ನಡದವರು ಕಡಿಮೆ ಏನಿಲ್ಲ. ಅವರಾದರೂ ಓದಲಿ. ಊರಲ್ಲಿರುವ ನಮ್ಮಪ್ಪ ಅಂತೂ ಓದೇ ಓದುತ್ತಾರೆ. ಅವರ ವಿಷಯ ಆಮೇಲೆ ಬರುತ್ತೆ.

2026ರ ಫೆಬ್ರವರಿ 8ನೇ ತಾರೀಖು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ನಮ್ಮ ಅಂಗಳದಲ್ಲೇ ನಡೆಯಿತು. ಊರ ಹಬ್ಬ ನಮ್ಮ ಮನೆ ಮುಂದೆ, ತೇರು ಎಳೆದವರು ಮಾತ್ರ ಪಕ್ಕದೂರಿನವರು. ಗೆದ್ದದ್ದು ಸಿಯಾಟಲ್ ಸೀಹಾಕ್ಸ್. ಜನವರಿಯಲ್ಲಿ ಅವರ ಊರಿಗೆ ಹೋಗಿ ನಾವು 41-6ರಲ್ಲಿ ಸೋತು ಬಂದೆವು. ಫೆಬ್ರವರಿಯಲ್ಲಿ ಅವರು ನಮ್ಮ ಊರಿಗೆ ಬಂದು ಕಪ್ ಎತ್ತಿಕೊಂಡು ಹೋದರು. ನಾನು ಆ ದಿನ ಟಿವಿಯಲ್ಲಿ ಬಾಲ್ ನೋಡಲೇ ಇಲ್ಲ. ಸೀಹಾಕ್ಸ್‌ನ ಎಡ ಗಾರ್ಡ್ ಒಬ್ಬನನ್ನೇ ನೋಡುತ್ತಾ ಕೂತಿದ್ದೆ. ಗಾರ್ಡ್ ಅಂದರೆ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಲೈನ್‌ಮನ್‌ಗಳಲ್ಲಿ ಒಬ್ಬ. ಅವನ ಹೆಸರು ಗ್ರೇ ಜೇಬಲ್. ನಾರ್ತ್ ಡಕೋಟಾ ಸ್ಟೇಟ್ ಅನ್ನುವ ಕಾಲೇಜಿನಿಂದ ಬಂದ ಹುಡುಗ. 2025ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಕಾಲೇಜು ಹುಡುಗರನ್ನು ಆರಿಸುವ ಸರದಿಯಲ್ಲಿ, ಸಿಯಾಟಲ್ ಅವನನ್ನು ಮೊದಲ ರೌಂಡಿನಲ್ಲೇ, 18ನೇ ಪಿಕ್‌ನಲ್ಲಿ (18ನೇ ಆಯ್ಕೆಯಾಗಿ) ತೆಗೆದುಕೊಂಡಿತು. ಗಾರ್ಡ್ ಒಬ್ಬನಿಗೆ ಮೊದಲ ರೌಂಡಿನ ಪಿಕ್ ಕೊಡುವುದು ದುಂದು ಅನ್ನುವ ಮಾತು ಈ ಆಟದಲ್ಲಿ ಹಳೆಯದು. ಅವರು ಕೊಟ್ಟರು. ಅದೇ ವರ್ಷ ನೀವು 11 ಜನರನ್ನು ಆರಿಸಿದಿರಿ. ಅದರಲ್ಲಿ ಆಫೆನ್ಸಿವ್ ಲೈನ್ ಅನ್ನುವ ಆ ತಡೆಯುವವರ ಸಾಲಿಗೆ ಬಂದವನು ಒಬ್ಬನೇ, ಕಾನರ್ ಕೋಲ್ಬಿ. ಅದೂ ಏಳನೇ ರೌಂಡಿನಲ್ಲಿ, 249ನೆಯವನಾಗಿ.

ನನ್ನ ತಕರಾರು ಇಷ್ಟೇ. ಆಡುವ ಹುಡುಗರನ್ನು ಹುಡುಕುವ ಕಣ್ಣು ನಿಮಗಿದೆ. ಮುಂದೆ ನಿಂತು ತಡೆಯುವವರ ವಿಷಯ ಬಂದರೆ ಮಾತ್ರ ಉಳಿದ ಚಿಲ್ಲರೆಯಲ್ಲಿ ಸಂತೆ ಮುಗಿಸುತ್ತೀರಿ.

ಊರಿನ ಓದುಗರಿಗೆ ಒಂದು ಮಾತು. ಅಮೆರಿಕದ ಡ್ರಾಫ್ಟ್ ಅಂದರೆ ನಮ್ಮ ಐಪಿಎಲ್ ಹರಾಜಿನ ಥರ ಅಲ್ಲ. ಇಲ್ಲಿ ಯಾರೂ ಕೈ ಎತ್ತಿ ದುಡ್ಡು ಏರಿಸುವುದಿಲ್ಲ. 32 ತಂಡ, ಏಳು ರೌಂಡ್, ಮೂರು ದಿನ. ಗುರುವಾರ ಮೊದಲ ರೌಂಡ್, ಶುಕ್ರವಾರ ಎರಡು ಮತ್ತು ಮೂರು, ಉಳಿದದ್ದೆಲ್ಲ ಶನಿವಾರ. ಕಾಲೇಜಿನಿಂದ ಹೊರಬರುವ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹೋದ ವರ್ಷ ತೀರಾ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ, ಚಾಂಪಿಯನ್‌ಗೆ ಕೊನೆಯದು. ಸರದಿಯನ್ನೇ ತಂಡಗಳು ಕೊಟ್ಟು ತಗೊಂಡು ವ್ಯಾಪಾರವನ್ನೂ ಮಾಡುತ್ತವೆ. ಹೋದ ವರ್ಷ ಏಪ್ರಿಲ್‌ನಲ್ಲಿ ಅಪ್ಪ ಇಲ್ಲಿಗೆ ಬಂದಿದ್ದಾಗ ಇದನ್ನೆಲ್ಲ ವಿವರಿಸಿದೆ. ಮಂಡ್ಯ ಕಡೆಯವರು, ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದವರು. "ಸೋತೋರಿಗೆ ಮೊದ್ಲ ಪಂಕ್ತೀಲಿ ಬಡಿಸ್ತಾರೆ ಅನ್ನು. ಒಳ್ಳೆ ಕೆಲ್ಸ" ಅಂದರು. ಆಮೇಲೆ ಒಂದು ಹಳೆಯ ಪಂದ್ಯ ಹಾಕಿ ತೋರಿಸಿದೆ. ಹತ್ತು ನಿಮಿಷ ನೋಡಿ, "ಅಲ್ಲಾ ಕಣ್ ಮಗ, ಆ ದಪ್ಪನೋರು ಐದು ಜನ ಬಾಲೇ ಮುಟ್ಟಲ್ವಲ್ಲ? ಅವ್ರಿಗ್ಯಾಕೆ ಸಂಬ್ಳ?" ಅಂದರು.

ಆ ಐದು ಜನರೇ ಆಫೆನ್ಸಿವ್ ಲೈನ್. ನಡುವೆ ಸೆಂಟರ್, ಅವನ ಎಡಬಲಕ್ಕೆ ಗಾರ್ಡ್‌ಗಳು, ಎರಡು ತುದಿಗೆ ಟ್ಯಾಕಲ್‌ಗಳು. ಕ್ವಾರ್ಟರ್‌ಬ್ಯಾಕ್ ಬಾಲ್ ಎಸೆಯುವ ತನಕ ಎದುರಾಳಿ ಅವನ ಮೈಮೇಲೆ ಬೀಳದಂತೆ ತಡೆಯುವುದು ಇವರ ಕೆಲಸ. ಎರಡೂವರೆ ಮೂರು ಸೆಕೆಂಡ್ ತಡೆದರೆ ಸಾಕು. ಕಬಡ್ಡಿಯಲ್ಲಿ ಬರೀ ರೈಡರ್‌ಗಳನ್ನೇ ಸೇರಿಸಿ ಎರಡು ಕಾರ್ನರ್‌ಗೂ ಸಿಕ್ಕಸಿಕ್ಕವರನ್ನು ನಿಲ್ಲಿಸಿದರೆ ಏನಾಗುತ್ತೆ ಅಂತ ಕೇಳಿದೆ. ಅಪ್ಪನಿಗೆ ತಕ್ಷಣ ಅರ್ಥವಾಯಿತು. ನಿಮಗೆ ಯಾಕೆ ಆಗಲಿಲ್ಲ ಅನ್ನುವುದೇ ನನ್ನ ಪ್ರಶ್ನೆ.

ನಾನು ಅಪ್ಪನಿಗೆ ಹಾಕಿ ತೋರಿಸಿದ್ದು 2024ರ ಫೆಬ್ರವರಿ 11ರ ಪಂದ್ಯ. ಲಾಸ್ ವೇಗಸ್, ಕನ್ಸಾಸ್ ಸಿಟಿ ಚೀಫ್ಸ್ ಎದುರು ಸೂಪರ್ ಬೌಲ್. 19-19, ಓವರ್‌ಟೈಮ್. ಬಾಲ್ ನಮ್ಮದು, ಚೀಫ್ಸ್ ಗೋಲ್ ಗೆರೆಗೆ 9 ಗಜ ದೂರ. ಮೂರನೇ ಡೌನ್, ಅಂದರೆ ಮೂರನೇ ಪ್ರಯತ್ನ, ನಾಲ್ಕು ಗಜ ಬೇಕು. ಬಾಲನ್ನು ಗೋಲ್ ಗೆರೆ ದಾಟಿಸಿ ಟಚ್‌ಡೌನ್ ಹೊಡೆದಿದ್ದರೆ ಪಂದ್ಯದ ಬಣ್ಣವೇ ಬೇರೆ. ಬಲ ಗಾರ್ಡ್ ಗಾಯ ಮಾಡಿಕೊಂಡು ಆಗಲೇ ಹೊರಗೆ ಕೂತಿದ್ದ, ಬದಲಿ ಹುಡುಗ ಆಡುತ್ತಿದ್ದ. ಬಾಲ್ ಹಿಂದಕ್ಕೆ ಬಂತು. ಎದುರಾಳಿ ತಂಡದಲ್ಲೇ ಅತ್ಯಂತ ಅಪಾಯದ ಮನುಷ್ಯ ಕ್ರಿಸ್ ಜೋನ್ಸ್ ನಡುವಿನಿಂದ ನುಗ್ಗಿದ. ಅವನನ್ನು ಯಾರೂ ತಡೆಯಲಿಲ್ಲ. ತಡೆಯಲು ಆಗಲಿಲ್ಲ ಅಲ್ಲ, ಯಾರೂ ಮುಟ್ಟಲೇ ಇಲ್ಲ. ನೀನು ಹಿಡಿ, ನಾನು ಹಿಡಿ ಅನ್ನುವಷ್ಟರಲ್ಲಿ ಅವನು ನಮ್ಮ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಮುಖದ ಮುಂದಿದ್ದ. ಪರ್ಡಿ ಗಾಬರಿಯಲ್ಲಿ ಎಸೆದ ಬಾಲ್ ಯಾರ ಕೈಗೂ ಸಿಗಲಿಲ್ಲ. ನಾವು ಮೂರು ಪಾಯಿಂಟ್‌ನ ಫೀಲ್ಡ್ ಗೋಲ್‌ಗೆ ತೃಪ್ತಿಪಟ್ಟೆವು. ಆಮೇಲೆ ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಬಂದ, 25-22, ಮುಗಿಯಿತು. ಈ ತುಣುಕನ್ನು ನಾನು ಎಷ್ಟು ಸಲ ನೋಡಿದ್ದೇನೆ ಅಂದರೆ, ಹೆಂಡತಿ ರಿಮೋಟ್ ಬಚ್ಚಿಡಲು ಶುರು ಮಾಡಿದ್ದಾಳೆ.

ಈಗ ನಿಮ್ಮ ಲೆಕ್ಕದ ಪುಸ್ತಕ ತೆಗೆಯೋಣ. ನೀವು ಮತ್ತು ಕೋಚ್ ಕೈಲ್ ಶಾನಹಾನ್ ಬಂದದ್ದು 2017ರಲ್ಲಿ. ಇಲ್ಲಿಯವರೆಗೆ ಒಂಬತ್ತು ಡ್ರಾಫ್ಟ್. ಮೊದಲ ರೌಂಡಿನಲ್ಲಿ ಆರಿಸಿದವರೂ ಒಂಬತ್ತೇ ಜನ. ಸಾಲಮನ್ ಥಾಮಸ್, ನಿಕ್ ಬೋಸಾ, ಜಾವೊನ್ ಕಿನ್ಲಾ, ಮೈಕೆಲ್ ವಿಲಿಯಮ್ಸ್: ನಾಲ್ವರು ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರು. ನಮ್ಮ ಕ್ವಾರ್ಟರ್‌ಬ್ಯಾಕ್‌ನ ಕಾಯುವವನು ಒಬ್ಬನೇ, 2018ರ ಮೈಕ್ ಮೆಗ್ಲಿಂಚಿ. ಎರಡನೇ ರೌಂಡಿನಲ್ಲೂ ಒಬ್ಬನೇ, 2021ರ ಏರನ್ ಬ್ಯಾಂಕ್ಸ್. ಬೇರೆ ತಂಡದ ಮನೆ ಒಡೆಯಲು ನಾಲ್ಕು ಹಾರೆ, ನಮ್ಮ ಮನೆಗೆ ಒಂದು ಚಿಲಕ.

ಹೊಗಳುವುದಕ್ಕೂ ಇದೆ, ಮನಸ್ಸು ಬಿಚ್ಚಿ ಹೊಗಳುತ್ತೇನೆ. ಶನಿವಾರ ಬಂದರೆ ನಿಮ್ಮಂಥ ವ್ಯಾಪಾರಸ್ಥರು ಲೀಗಿನಲ್ಲಿ ಕಮ್ಮಿ. ಬೇರೆಯವರು ಬುಟ್ಟಿ ಮುಚ್ಚಿ ಮನೆಗೆ ಹೊರಡುವ ಹೊತ್ತಿಗೆ ನೀವು ತಳದಲ್ಲಿ ಕೈ ಹಾಕಿ ಒಳ್ಳೆ ಹಣ್ಣು ತೆಗೆಯುತ್ತೀರಿ. ಜಾರ್ಜ್ ಕಿಟಲ್ 146ನೇ ಪಿಕ್. ಡ್ರೆ ಗ್ರೀನ್‌ಲಾ 148. ಡಿಯೊಮೊಡೋರ್ ಲೆನುವಾರ್ 172. ಟಲನೋವಾ ಹುಫಾಂಗಾ 180. ಜುವಾನ್ ಜೆನಿಂಗ್ಸ್ 217. ಗ್ರೀನ್‌ಲಾ 2019ರ ಡಿಸೆಂಬರ್ ಕೊನೆಯಲ್ಲಿ ಸಿಯಾಟಲ್‌ನಲ್ಲಿ ಗೋಲ್ ಗೆರೆಯ ಮೇಲೆ ಒಬ್ಬನನ್ನು ಅಂಗೈ ಅಗಲದ ಅಂತರದಲ್ಲಿ ಹಿಡಿದು ಕೆಡವಿದ್ದನಲ್ಲ, ಆ ಕ್ಷಣಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯವರು ಮೇಲೆ ಬಂದು ಬಾಗಿಲು ಬಡಿದಿದ್ದರು. ಮೂರನೇ ರೌಂಡಿನ ಫ್ರೆಡ್ ವಾರ್ನರ್ ಬಗ್ಗೆ ಹೇಳುವುದೇ ಬೇಡ. 70ನೇ ಪಿಕ್‌ನಲ್ಲಿ ಅಂಥ ಲೈನ್‌ಬ್ಯಾಕರ್ (ಎದುರಾಳಿಯನ್ನು ಹಿಡಿದು ಕೆಡವುವವನು) ಸಿಗುವುದು ಅಂದರೆ ಪುಣ್ಯ.

ಕೊನೆಗೆ ಪರ್ಡಿ. 2022ರ ಡ್ರಾಫ್ಟಿನ 262ನೆಯವನು, ಅಂದರೆ ಕೊನೆಯವನು. ಇಲ್ಲಿ ಕೊನೆಯ ಪಿಕ್‌ಗೆ 'ಲೆಕ್ಕಕ್ಕಿಲ್ಲದ ಮಹಾಶಯ' ಅನ್ನುವ ಅರ್ಥದ ಅಡ್ಡಹೆಸರು ಕೊಟ್ಟು ತಮಾಷೆ ಮಾಡುತ್ತಾರೆ. ಕೊನೇ ಪಂಕ್ತಿಯಲ್ಲಿ, ಪಾಯಸ ಖಾಲಿಯಾದ ಮೇಲೆ ಎಲೆ ಹಾಕಿಸಿಕೊಂಡವನು ಎರಡು ವರ್ಷದೊಳಗೆ ತಂಡವನ್ನು ಸೂಪರ್ ಬೌಲಿಗೆ ಕರೆದೊಯ್ದ.

ಆದರೆ ಆ ಪರ್ಡಿಯನ್ನು ಹೊಗಳುವ ಗದ್ದಲದಲ್ಲಿ ನೀವು 2021ರ ಬಿಲ್ಲನ್ನು ಮೆಲ್ಲಗೆ ಮಡಚಿ ಜೇಬಿಗೆ ಹಾಕಿಕೊಂಡಿರಿ. ಟ್ರೇ ಲ್ಯಾನ್ಸ್ ಎಂಬ ಒಬ್ಬ ಕ್ವಾರ್ಟರ್‌ಬ್ಯಾಕ್ ಹುಡುಗನಿಗಾಗಿ 12ನೇ ಸ್ಥಾನದಿಂದ 3ಕ್ಕೆ ಏರಲು ನೀವು ಮಯಾಮಿಗೆ ಕೊಟ್ಟದ್ದು ಆ 12ನೇ ಪಿಕ್, 2022 ಮತ್ತು 2023ರ ಮೊದಲ ರೌಂಡ್, ಮೇಲೊಂದು ಮೂರನೇ ರೌಂಡ್. ಲ್ಯಾನ್ಸ್ ನಮಗಾಗಿ ಆರಂಭಿಸಿದ್ದು ನಾಲ್ಕು ಪಂದ್ಯ. ಕಾಲು ಮುರಿದುಕೊಂಡ, ಅದೃಷ್ಟ ಇರಲಿಲ್ಲ, ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. 2023ರಲ್ಲಿ ಒಂದು ನಾಲ್ಕನೇ ರೌಂಡ್ ಪಿಕ್‌ಗೆ ಡಲ್ಲಾಸ್‌ಗೆ ಕೊಟ್ಟುಬಿಟ್ಟಿರಿ. ಅತ್ತ ಆ 12ನೇ ಪಿಕ್ ಕೈಯಿಂದ ಕೈಗೆ ಹೋಗಿ ಅದೇ ಡಲ್ಲಾಸ್ ಸೇರಿ, ಅಲ್ಲಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದರಲ್ಲಿ ಹೆಸರಾದ ಮೈಕಾ ಪಾರ್ಸನ್ಸ್ ಆಯಿತು. ನನ್ನ ಹೊಟ್ಟೆ ಉರಿಸುವುದು ಇನ್ನೊಂದು. 2022ರ ನಮ್ಮ 29ನೇ ಪಿಕ್ ಮಯಾಮಿಯಿಂದ ಕನ್ಸಾಸ್ ಸಿಟಿಗೆ, ಅಲ್ಲಿಂದ ನ್ಯೂ ಇಂಗ್ಲೆಂಡ್‌ಗೆ ಹೋಯಿತು. ಅವರು ಅದರಲ್ಲಿ ಯಾರನ್ನು ತಗೊಂಡರು ಗೊತ್ತಾ? ಕೋಲ್ ಸ್ಟ್ರೇಂಜ್. ಗಾರ್ಡ್!

ಅಷ್ಟೇ ಆಗಿದ್ದರೆ ಒಂದು ತಪ್ಪು ಅನ್ನಬಹುದಿತ್ತು. 2020ನ್ನೂ ನೆನಪಿಸಿಕೊಳ್ಳಿ. ಎದುರಾಳಿಯ ಮೇಲೆ ನುಗ್ಗುತ್ತಿದ್ದ ಡಿಫಾರೆಸ್ಟ್ ಬಕ್ನರ್‌ನನ್ನು ಇಂಡಿಯಾನಾಪೊಲಿಸ್‌ಗೆ ಕೊಟ್ಟು 13ನೇ ಪಿಕ್ ಪಡೆದಿರಿ. ಡ್ರಾಫ್ಟಿನ ದಿನ ಟ್ಯಾಂಪಾ ಬೇ ಜೊತೆ ಅದಲುಬದಲು ಮಾಡಿ ಒಂದು ಮೆಟ್ಟಿಲು ಕೆಳಗಿಳಿದಿರಿ. ಬರೀ ಒಂದು ಮೆಟ್ಟಿಲು. 13ರಲ್ಲಿ ಟ್ಯಾಂಪಾ ಟ್ರಿಸ್ಟನ್ ವರ್ಫ್ಸ್ ಎಂಬ ಟ್ಯಾಕಲ್‌ನನ್ನು ಎತ್ತಿಕೊಂಡಿತು. ಮೊದಲ ವರ್ಷವೇ ಸೂಪರ್ ಬೌಲ್ ಗೆದ್ದ, ಇವತ್ತಿಗೂ ಲೀಗಿನ ಅತ್ಯುತ್ತಮ ಟ್ಯಾಕಲ್‌ಗಳ ಸಾಲಿನಲ್ಲಿದ್ದಾನೆ. 14ರಲ್ಲಿ ನೀವು ತಂದ ಕಿನ್ಲಾ ಮೊಣಕಾಲು ನೋವಿನಲ್ಲೇ ದಿನ ಕಳೆದು ಬೇರೆ ತಂಡಕ್ಕೆ ಹೋದ. ನೀವೇ ಟ್ಯಾಂಪಾದಲ್ಲಿ ಆಡಿ ಹಾಲ್ ಆಫ್ ಫೇಮ್ ಸೇರಿದವರು. ಹಳೆಯ ಮನೆಗೆ ಒಂದು ಉಡುಗೊರೆ ಕೊಟ್ಟಿರಿ ಅಂದುಕೊಳ್ಳಲೇ?

ಸರಿ, ಅದೇ ಡ್ರಾಫ್ಟಿನ ಮೂರನೇ ದಿನ ಟ್ರೆಂಟ್ ವಿಲಿಯಮ್ಸ್‌ನನ್ನು ವಾಷಿಂಗ್ಟನ್‌ನಿಂದ ಒಂದು ಮೂರನೇ ಮತ್ತು ಒಂದು ಐದನೇ ರೌಂಡಿಗೆ ತಂದಿರಿ. ಇಷ್ಟು ಅಗ್ಗದ ವ್ಯಾಪಾರವನ್ನು ನಾನು ನೋಡಿಲ್ಲ. ಆರು ವರ್ಷದಿಂದ ಎಡ ತುದಿಯನ್ನು ಆ ಒಬ್ಬ ಮನುಷ್ಯ ಕಾಯುತ್ತಿದ್ದಾನೆ. ಇಡೀ ಲೈನ್‌ನ ಬಡತನ ಕಾಣದಂತೆ ಮುಚ್ಚಿದ್ದೂ ಅವನೇ. ಆದರೆ ಅವನು ಹುಟ್ಟಿದ್ದು 1988ರಲ್ಲಿ. 2026ರ ಜುಲೈಗೆ 38. ಎಷ್ಟೇ ಗಟ್ಟಿ ತೊಲೆ ಆದರೂ ಒಂದು ದಿನ ಬದಲಾಯಿಸಬೇಕಲ್ಲ. ಅವನ ಜಾಗಕ್ಕೆ ಯಾರು? ಬಲ ತುದಿಯ ಕೋಲ್ಟನ್ ಮೆಕಿವಿಟ್ಜ್ ಐದನೇ ರೌಂಡಿನವನು. ಸೆಂಟರ್ ಜೇಕ್ ಬ್ರೆಂಡಲ್‌ನನ್ನು ಡ್ರಾಫ್ಟಿನಲ್ಲಿ ಯಾರೂ ಆರಿಸಿರಲೇ ಇಲ್ಲ. ಇಬ್ಬರೂ ಕಷ್ಟಪಟ್ಟು ಮೇಲೆ ಬಂದವರು, ಗೌರವ ಇದೆ. 2024ರ ಮೂರನೇ ರೌಂಡಿನ ಡೊಮಿನಿಕ್ ಪೂನಿ ಬಂದ ವರ್ಷವೇ ಬಲ ಗಾರ್ಡ್ ಜಾಗದಲ್ಲಿ ಕಾಲೂರಿದ. ನೋಡಿ, ಸ್ವಲ್ಪ ಬೆಲೆ ಕೊಟ್ಟ ಕಡೆ ಸ್ವಲ್ಪ ಒಳ್ಳೆಯದು ಸಿಕ್ಕಿತು!

ಶಾನಹಾನ್ ಅವರ ಆಟದ ಹೆಣಿಗೆ ಜಾಣತನದ್ದು, ಬಾಲ್ ಬೇಗ ಕೈಬಿಡುತ್ತೆ, ಹಾಗಾಗಿ ಸಾಧಾರಣ ಗಾರ್ಡ್‌ಗಳೂ ಸಾಕು ಅನ್ನುವವರಿದ್ದಾರೆ. ಪರ್ಡಿ ಅಗ್ಗವಾಗಿದ್ದಾಗ ಈ ವಾದಕ್ಕೆ ಅರ್ಥ ಇತ್ತು. 2023ರಲ್ಲಿ ಅವನ ಮೂಲ ಸಂಬಳ 8 ಲಕ್ಷ 70 ಸಾವಿರ ಡಾಲರ್. ಕ್ವಾರ್ಟರ್‌ಬ್ಯಾಕ್‌ಗಳ ಲೋಕದಲ್ಲಿ ಅದು ಬಸ್ ಚಾರ್ಜು. ಉಳಿದ ದುಡ್ಡಲ್ಲಿ ಬೋಸಾ, ಟ್ರೆಂಟ್, ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ಎಲ್ಲರನ್ನೂ ಸಾಕಿದಿರಿ. 2025ರ ಮೇ ತಿಂಗಳಲ್ಲಿ ಪರ್ಡಿಗೆ ಐದು ವರ್ಷಕ್ಕೆ 26 ಕೋಟಿ 50 ಲಕ್ಷ ಡಾಲರ್ ಬರೆದುಕೊಟ್ಟಿರಿ. ಕೊಟ್ಟದ್ದು ಸರಿ. ಆದರೆ ಇಡೀ ತಂಡಕ್ಕೆ 2025ರ ಸಂಬಳದ ಮಿತಿ ಇದ್ದದ್ದೇ 27 ಕೋಟಿ 92 ಲಕ್ಷ. ಆ ವರ್ಷವೇ ಬ್ಯಾಂಕ್ಸ್ ಗ್ರೀನ್ ಬೇಗೆ ಹೋದ, ಹುಫಾಂಗಾ ಮತ್ತು ಗ್ರೀನ್‌ಲಾ ಡೆನ್ವರ್‌ಗೆ ಹೋದರು. ಇನ್ನು ಮೇಲೆ ಒಳ್ಳೆಯ ಲೈನ್‌ಮನ್‌ನನ್ನು ಮಾರುಕಟ್ಟೆಯಲ್ಲಿ ಕೊಳ್ಳುವ ಶಕ್ತಿ ನಿಮಗಿಲ್ಲ. ಡ್ರಾಫ್ಟಿನಲ್ಲಿ ಬಂದವನು ಮಾತ್ರ ನಾಲ್ಕು ವರ್ಷ ಅಗ್ಗಕ್ಕೆ ಆಡುತ್ತಾನೆ. ಮನೆಯಲ್ಲಿ ಅತಿ ದುಬಾರಿ ವಸ್ತು ತಂದಿಟ್ಟ ಮೇಲೆ ತಾನೇ ಬೀಗ ಗಟ್ಟಿ ಇರಬೇಕಾದ್ದು?

ಫಿಲಡೆಲ್ಫಿಯಾ ಈಗಲ್ಸ್‌ನವರನ್ನು ನೋಡಿ. 2013ರಲ್ಲಿ ನಾಲ್ಕನೇ ಪಿಕ್ ಕೊಟ್ಟು ಲೇನ್ ಜಾನ್ಸನ್‌ನನ್ನು ತಂದರು. ಲ್ಯಾಂಡನ್ ಡಿಕರ್ಸನ್, ಕ್ಯಾಮ್ ಜರ್ಗನ್ಸ್ ಎರಡನೇ ರೌಂಡ್. 2018ರ ಏಳನೇ ರೌಂಡಿನಲ್ಲಿ ಜಾರ್ಡನ್ ಮೈಲಾಟಾ, ಆಸ್ಟ್ರೇಲಿಯಾದ ರಗ್ಬಿ ಹುಡುಗ, ಅದುವರೆಗೆ ಈ ಆಟದ ಒಂದು ಪಂದ್ಯವನ್ನೂ ಆಡಿರಲಿಲ್ಲ. ಅವನನ್ನು ಎರಡು ವರ್ಷ ಕೂರಿಸಿ ಕಲಿಸಿದರು. 2025ರ ಫೆಬ್ರವರಿಯಲ್ಲಿ ಆ ಲೈನ್ ಹಿಂದೆ ನಿಂತು ಚೀಫ್ಸ್‌ನ 40-22ರಲ್ಲಿ ಮಣಿಸಿದರು.

ಇನ್ನೊಂದು ಚಿಕ್ಕ ಪ್ರಾರ್ಥನೆ. ಕಾಲಲ್ಲಿ ಒದೆಯುವವರ ಮೇಲೆ ಪಿಕ್ ಸುರಿಯಬೇಡಿ. 2019ರಲ್ಲಿ ನಾಲ್ಕನೇ ರೌಂಡಿಗೆ ಪಂಟರ್ ತಂದಿರಿ. 2023ರಲ್ಲಿ ಮೊದಲೆರಡು ರೌಂಡಿನ ಪಿಕ್ ಇಲ್ಲದೇ ಕೈ ಬರಿದಾಗಿದ್ದಾಗ ಮೂರನೇ ರೌಂಡಿಗೆ ಕಿಕ್ಕರ್ ಜೇಕ್ ಮೂಡಿ, 99ನೇ ಪಿಕ್. ಅವನನ್ನು 2025ರ ಮೊದಲ ಪಂದ್ಯ ಆದ ಕೂಡಲೇ ಮನೆಗೆ ಕಳಿಸಿದಿರಿ. ಆಮೇಲೆ ಬಂದ ಎಡ್ಡಿ ಪಿನೈರೊ ಯಾವ ಡ್ರಾಫ್ಟಿನಲ್ಲೂ ಆರಿಸಲ್ಪಟ್ಟವನಲ್ಲ. ಹೆಚ್ಚು ಹೇಳುವುದಿಲ್ಲ.

ಗಾಯಗಳ ಬಗ್ಗೆ ನಿಮ್ಮನ್ನು ಬೈಯುವುದು ನ್ಯಾಯ ಅಲ್ಲ. 2025ರ ಸೀಸನ್‌ನಲ್ಲಿ ಬೋಸಾ ಮೊಣಕಾಲು ಹೋಯಿತು, ವಾರ್ನರ್ ಕಣಕಾಲು ಹೋಯಿತು, ಹೊಸ ಹುಡುಗ ಮೈಕೆಲ್ ವಿಲಿಯಮ್ಸ್ ಮೊಣಕಾಲೂ ಹೋಯಿತು, ಪ್ಲೇಆಫ್‌ನಲ್ಲಿ ಕಿಟಲ್ ಹಿಮ್ಮಡಿಯ ನರ ಹರಿಯಿತು. ಆದರೂ 12 ಪಂದ್ಯ ಗೆದ್ದಿರಿ. ಅದು ಸಣ್ಣ ಮಾತಲ್ಲ. ಅಭ್ಯಾಸದ ಮೈದಾನದ ಪಕ್ಕ ಕರೆಂಟಿನ ಸಬ್‌ಸ್ಟೇಷನ್ ಇದೆ, ಅದರಿಂದಲೇ ಹೀಗೆಲ್ಲ ಆಗುತ್ತೆ ಅಂತ ಒಂದು ಮಾತು ಹಬ್ಬಿತ್ತು. ನಮ್ಮ ಕಡೆ ಆಗಿದ್ದರೆ ವಾಸ್ತು ಸರಿಯಿಲ್ಲ ಅಂದು ಗೇಟ್ ತಿರುಗಿಸುತ್ತಿದ್ದರು. ಎರಡೂ ಒಂದೇ. ಗಾಯ ಆದಾಗ ಬದಲಿ ಯಾರಿದ್ದಾರೆ ಅನ್ನುವುದನ್ನು ಮಾತ್ರ ನಿಮ್ಮನ್ನು ಕೇಳಬಹುದು. ಬೋಸಾ ಇಲ್ಲದಾಗ ಎದುರಾಳಿಯ ಮೇಲೆ ನುಗ್ಗುವವರೇ ಇಲ್ಲವಾದರು. ಅಲ್ಲೂ ಒಬ್ಬ ಬೇಕು, ಒಪ್ಪುತ್ತೇನೆ. ಬಾಲ್ ಹಿಡಿಯುವ ರಿಸೀವರ್ ಕೂಡ ಬೇಕು. ಬೇಕುಗಳಿಗೆ ಕೊನೆ ಇಲ್ಲ, ಅದಕ್ಕೇ ಪಿಕ್‌ಗಳು ಜಾಸ್ತಿ ಬೇಕು.

ಅದಕ್ಕೆ ದಾರಿ ನಿಮ್ಮ ಮನೆಯಲ್ಲೇ ಇದೆ. 1986ರಲ್ಲಿ ಆಗಿನ ಕೋಚ್ ಬಿಲ್ ವಾಲ್ಶ್ ಮೊದಲ ರೌಂಡಿನಲ್ಲಿ ಯಾರನ್ನೂ ಆರಿಸಲಿಲ್ಲ. ಮತ್ತೆ ಮತ್ತೆ ಕೆಳಗಿಳಿದು ಪಿಕ್ ಕೂಡಿಹಾಕಿದರು. ಚಾರ್ಲ್ಸ್ ಹೇಲಿ, ಜಾನ್ ಟೇಲರ್, ಟಾಮ್ ರಾತ್‌ಮನ್ ಎಲ್ಲ ಬಂದದ್ದು ಆ ವರ್ಷ. ನಾಲ್ಕನೇ ರೌಂಡಿನಲ್ಲಿ ಬಂದ ಸ್ಟೀವ್ ವಾಲೆಸ್ ಮುಂದೆ ಎಡ ಟ್ಯಾಕಲ್ ಆಗಿ ನಿಂತ. ಅದರ ಹಿಂದಿನ ವರ್ಷ ಅದೇ ವಾಲ್ಶ್ ಮೇಲೇರಿ ದಿಗ್ಗಜ ರಿಸೀವರ್ ಜೆರ್ರಿ ರೈಸ್‌ನನ್ನು ತಂದರಲ್ಲ ಅಂತ ನೀವು ಕೇಳಬಹುದು. ಹೌದು, ತಂದರು. ಪ್ರತಿ ವರ್ಷ ಜೆರ್ರಿ ರೈಸ್ ಹುಟ್ಟುವುದಿಲ್ಲ ಅಂತ ಮರುವರ್ಷ ಅವರಿಗೇ ಗೊತ್ತಿತ್ತು.

ಹಾಗಾಗಿ 2026ರ ಏಪ್ರಿಲ್‌ನಲ್ಲಿ ಪಿಟ್ಸ್‌ಬರ್ಗ್‌ನ ಡ್ರಾಫ್ಟಿನಲ್ಲಿ ನಿಮ್ಮ ಸರದಿ ಇಪ್ಪತ್ತರ ಆಚೆ ಬಂದಾಗ ಒಳ್ಳೆ ಟ್ಯಾಕಲ್ ಇದ್ದರೆ ಅವನನ್ನು ತಗೊಳ್ಳಿ. ಇಲ್ಲದಿದ್ದರೆ ಕೆಳಗಿಳಿಯಿರಿ, ಶುಕ್ರವಾರ ಎರಡು ಪಿಕ್ ಇಟ್ಟುಕೊಂಡು ಒಬ್ಬ ಗಾರ್ಡ್ ತನ್ನಿ. ಟ್ರೆಂಟ್ ಇನ್ನೂ ಇರುವಾಗಲೇ ಆ ಹುಡುಗ ಬಂದು ಪಕ್ಕದಲ್ಲಿ ನಿಂತು ಕಾಲು ಎಲ್ಲಿಡಬೇಕು, ಕೈ ಎಲ್ಲಿಡಬೇಕು ಅಂತ ಕಲಿಯಲಿ. ಶನಿವಾರಕ್ಕೆ ನಾನು ಏನೂ ಹೇಳಲ್ಲ, ಅದು ನಿಮ್ಮ ದಿನ.

ಗುರುವಾರ ರಾತ್ರಿ ಇಲ್ಲಿ ನಿಮ್ಮ ಸರದಿ ಬರುವ ಹೊತ್ತಿಗೆ ಊರಲ್ಲಿ ಶುಕ್ರವಾರ ಬೆಳಿಗ್ಗೆ ಎಂಟು ದಾಟಿರುತ್ತದೆ. ಅಪ್ಪ ತಿಂಡಿಗೆ ಕೂತಿರುತ್ತಾರೆ. ಫೋನ್ ಮಾಡು ಅಂದಿದ್ದಾರೆ. ಹೋದ ವರ್ಷ ಇಲ್ಲಿಂದ ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಕೇಳಿದ್ದರು: "ಮುಂದಿನ್ ಸಲ ಆದ್ರೂ ದಪ್ಪನೋರನ್ನ ತಗೋತಾರೇನ್ಲಾ?" ನೋಡೋಣ ಅಂದಿದ್ದೆ.

ಇತಿ,
ಸಾಂಟಾ ಕ್ಲಾರಾದ ಒಬ್ಬ ಕನ್ನಡಿಗ ಅಭಿಮಾನಿ